ಮುಟ್ಟಿಗೆ ಮೊದಲು ಕಟ್ಟುತ್ತದೆ, ಮುಟ್ಟಾದರೆ ಬೇಧಿ: ಇದು ಕರುಳಿನ ಕಾಯಿಲೆಯೋ, ಹಾರ್ಮೋನಿನ ಆಟವೋ?

ಪ್ರಶ್ನೆ: ನನಗೆ 37 ವರ್ಷ. ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಎಷ್ಟೋ ವರ್ಷಗಳಿಂದ ಒಂದೇ ಗೋಳು. ಮುಟ್ಟಿಗೆ ಐದಾರು ದಿನ ಇದೆ ಎನ್ನುವಾಗ ಮಲ ಕಟ್ಟುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಮುಟ್ಟಾದ ಮೊದಲ ಎರಡು ದಿನ ಉಲ್ಟಾ. ನಾಲ್ಕೈದು ಸಲ ನೀರಾಗಿ ಹೋಗುತ್ತದೆ, ಹೊಟ್ಟೆ ಹಿಂಡುತ್ತದೆ. ಆಮೇಲೆ ಎರಡು ವಾರ ಏನೂ ಇಲ್ಲ. ಒಬ್ಬ ಡಾಕ್ಟರು ಗ್ಯಾಸ್ ಎಂದು ಪ್ಯಾಂಟಪ್ರಜೋಲ್ ಮತ್ತು ಲೆವೊಸಲ್ಪಿರೈಡ್ ಇರುವ ಕ್ಯಾಪ್ಸೂಲ್ ಕೊಟ್ಟರು. ಎಂಟು ತಿಂಗಳಿಂದ ದಿನಾ ತೆಗೆದುಕೊಳ್ಳುತ್ತಿದ್ದೇನೆ. ಇನ್ನೊಬ್ಬರು ಮಲಬದ್ಧತೆಗೆ ಪ್ರುಕಲೋಪ್ರೈಡ್ 2 ಮಿಲಿಗ್ರಾಂ ಬರೆದರು. ಬೇಧಿ ಆದಾಗ ಅಂಗಡಿಯಿಂದ ಲೋಪೆರಮೈಡ್ ತಂದು ನುಂಗುತ್ತೇನೆ. ಅತ್ತೆ ತಿಂಗಳಿಗೊಮ್ಮೆ ಹೊಟ್ಟೆ ತೊಳೆಯಲಿ ಎಂದು ಹರಳೆಣ್ಣೆ ಕುಡಿಸುತ್ತಾರೆ. ಮೊನ್ನೆ ಮಗಳು ಪ್ರುಕಲೋಪ್ರೈಡ್ ಬಗ್ಗೆ ಹುಡುಕಿ, 'ಅಮ್ಮ, ಇದು ಸೆರಟೋನಿನ್ ಮಾತ್ರೆ, ಡಿಪ್ರೆಶನ್‌ಗೆ ಕೊಡೋದು' ಎಂದಳು. ನನ್ನ ತೊಂದರೆ ಬರೀ ಮನಸ್ಸಿನದು ಅಂತ ಡಾಕ್ಟರು ಅಂದುಕೊಂಡಿದ್ದಾರಾ? ಲ್ಯಾಬಿನಲ್ಲಿ ಹಾರ್ಮೋನ್ ಪ್ಯಾಕೇಜ್ ಟೆಸ್ಟ್ ಮಾಡಿಸಲೇ? ಕೊಲೊನೋಸ್ಕೋಪಿ ಬೇಕೇ? ಇನ್ನೊಂದು ವಿಷಯ: ನಾಲ್ಕು ತಿಂಗಳಿಂದ ಮುಟ್ಟು ಹತ್ತು ಹನ್ನೆರಡು ದಿನ ಹಿಂದೆ ಬೀಳುತ್ತಿದೆ, ಎದೆ ಭಾರ ಅನಿಸುತ್ತದೆ.

ಉತ್ತರ:

ನೀವು ಕೊನೆಗೆ ಬರೆದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮುಟ್ಟು ತಡವಾಗುತ್ತಿದೆ, ಎದೆ ಭಾರ. ಮೆಡಿಕಲ್ ಶಾಪಿನಲ್ಲಿ ಸಿಗುವ ಕಿಟ್ ತಂದು ಒಮ್ಮೆ ಗರ್ಭದ ಪರೀಕ್ಷೆ ಮಾಡಿಕೊಳ್ಳಿ. ಅದು ಇಲ್ಲ ಎಂದು ಬಂದರೆ ನನ್ನ ಅನುಮಾನ ನೇರವಾಗಿ ನೀವು ದಿನಾ ನುಂಗುವ ಆ ಗ್ಯಾಸ್ ಕ್ಯಾಪ್ಸೂಲ್ ಮೇಲೆ ಹೋಗುತ್ತದೆ. ಯಾಕೆ ಎಂದು ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಬೇಗ ಸರಿಮಾಡಬೇಕಾದ್ದು ಇದೊಂದೇ. ಮಿಕ್ಕಿದ್ದಕ್ಕೆ ಆತುರವಿಲ್ಲ.

ಈಗ ನಿಮ್ಮ ಮುಖ್ಯ ಭಯ. ತಿಂಗಳಲ್ಲಿ ಒಂದು ವಾರ ಕಟ್ಟುವುದು, ಎರಡು ದಿನ ಹರಿಯುವುದು, ಅದು ಮುಟ್ಟಿನ ಲೆಕ್ಕಕ್ಕೇ ಸರಿಯಾಗಿ ಬರುವುದು. ಇದನ್ನು ನನ್ನ ಓಪಿಡಿಯಲ್ಲಿ ಹೆಂಗಸರು ಹೇಳದ ವಾರವಿಲ್ಲ. ಅದರಲ್ಲಿ ಅರ್ಧಕ್ಕರ್ಧ ಜನ 'ನನಗೆ ಮಾತ್ರ ಹೀಗೆ' ಎಂದುಕೊಂಡೇ ಬಂದಿರುತ್ತಾರೆ. ಇದು ನಿಮ್ಮ ಕಲ್ಪನೆಯಲ್ಲ. ಕರುಳಿನಲ್ಲಿ ನಿಜವಾಗಿ ನಡೆಯುವ ಕೆಲಸ. ಡಾಕ್ಟರು ಪ್ರುಕಲೋಪ್ರೈಡ್ ಬರೆದರು ಎಂದ ಮಾತ್ರಕ್ಕೆ ನಿಮ್ಮ ತೊಂದರೆ ಮನಸ್ಸಿನದು ಎಂದು ತೀರ್ಮಾನಿಸಿದ್ದಾರೆ ಅಂತಲೂ ಅಲ್ಲ.

ನಿಮ್ಮ ಮಗಳು ಹುಡುಕಿದ್ದು ಅರ್ಧ ಸರಿ. ಮಾತ್ರೆಗೂ ಸೆರಟೋನಿನ್ ಎಂಬ ಸಂದೇಶವಸ್ತುವಿಗೂ ಸಂಬಂಧ ಇದೆ. ಆದರೆ ಸೆರಟೋನಿನ್ ಎಂದ ಕೂಡಲೇ ಮೆದುಳು ಎಂದುಕೊಳ್ಳುವುದು ತಪ್ಪು. ನಮ್ಮ ಮೈಯಲ್ಲಿರುವ ಸೆರಟೋನಿನ್‌ನಲ್ಲಿ ಶೇ 90ಕ್ಕಿಂತ ಜಾಸ್ತಿ ಇರುವುದು ಕರುಳಿನಲ್ಲಿ. ಅದು ಮೊದಲು ಸಿಕ್ಕಿದ್ದೂ ಅಲ್ಲೇ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಜಠರ, ಕರುಳಿನ ಒಳಪದರದಿಂದ ಒಂದು ವಸ್ತು ತೆಗೆದರು. ಅದು ತಾಗಿದರೆ ಸ್ನಾಯು ಹಿಂಡಿಕೊಳ್ಳುತ್ತಿತ್ತು. ಅದಕ್ಕೆ ಎಂಟರಮಿನ್ ಎಂದು ಹೆಸರಿಟ್ಟರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೇರೆಯವರು ರಕ್ತದಿಂದ ಒಂದು ವಸ್ತು ಬೇರ್ಪಡಿಸಿ ಸೆರಟೋನಿನ್ ಎಂದು ಕರೆದರು. ಎರಡೂ ಒಂದೇ ಎಂದು ಗೊತ್ತಾಗಿದ್ದು 1952ರಲ್ಲಿ. ಮೆದುಳಿನಲ್ಲೂ ಅದು ಇದೆ ಎಂದು ತಿಳಿದದ್ದು ಅದಕ್ಕೂ ಆಮೇಲೆ, 1953ರಲ್ಲಿ. ಕರುಳಿನ ಸೆರಟೋನಿನ್ ರಕ್ತದಿಂದ ಮೆದುಳಿನೊಳಗೆ ದಾಟುವುದೂ ಇಲ್ಲ. ಎರಡೂ ಕಡೆಯ ಲೆಕ್ಕ ಬೇರೆ ಬೇರೆ.

ಅದು ಕರುಳಿನಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರ ಹೋಗಿ ನೋಡೋಣ. ನೀವು ಬೆಳಿಗ್ಗೆ ಎರಡು ಇಡ್ಲಿ ತಿಂದಿರಿ ಎನ್ನಿ. ಅದು ಅರೆದು ತೆಳುವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ವಿಶೇಷ ಜೀವಕೋಶಗಳಿವೆ. ಊಟ ಅವುಗಳನ್ನು ಒತ್ತಿ ಮುಂದೆ ಸಾಗುತ್ತದೆ. ಒತ್ತಿದ ಕೂಡಲೇ ಕೋಶ ತನ್ನ ಬುಡದಿಂದ ಸೆರಟೋನಿನ್ ಬಿಡುತ್ತದೆ. ಪಕ್ಕದಲ್ಲೇ ನರದ ತುದಿ ಕಾಯುತ್ತಿರುತ್ತದೆ. ಅದಕ್ಕೆ ಸುದ್ದಿ ಮುಟ್ಟಿದ್ದೇ ತಡ, ಊಟದ ಹಿಂದಿನ ಭಾಗದ ಸ್ನಾಯು ಬಿಗಿಯಾಗುತ್ತದೆ, ಮುಂದಿನ ಭಾಗ ಸಡಿಲವಾಗುತ್ತದೆ. ಹಿಂದೆ ಬಿಗಿಸುವುದು ನರ ಬಿಡುವ ಅಸಿಟೈಲ್‌ಕೋಲೀನ್ ಎಂಬ ಸಂದೇಶವಸ್ತು. ಮುಂದೆ ಸಡಿಲಿಸುವುದು ನೈಟ್ರಿಕ್ ಆಕ್ಸೈಡ್ ಮತ್ತು ವಿಐಪಿ ಎನ್ನುವ ಇನ್ನೊಂದು ಸಂದೇಶವಸ್ತು. ಜೊತೆಗೆ ಒಳಪದರ ಸ್ವಲ್ಪ ನೀರನ್ನೂ ಬಿಡುತ್ತದೆ, ಊಟ ಜಾರಲಿ ಎಂದು. ಇಷ್ಟಕ್ಕೆಲ್ಲ ಮೆದುಳಿನ ಅಪ್ಪಣೆ ಬೇಕಿಲ್ಲ. ಕರುಳಿನ ಗೋಡೆಯಲ್ಲೇ ಇರುವ ನರಜಾಲ ತಾನೇ ನಡೆಸಿಕೊಳ್ಳುತ್ತದೆ.

ಈಗ ರಿಸೆಪ್ಟರ್ ವಿಷಯ. ಸೆರಟೋನಿನ್ ಆಗಲಿ ಬೇರೆ ಯಾವುದೇ ಹಾರ್ಮೋನ್ ಆಗಲಿ, ತಾನಾಗಿ ಏನನ್ನೂ ಮಾಡುವುದಿಲ್ಲ. ಜೀವಕೋಶದ ಮೇಲೋ ಒಳಗೋ ಅದನ್ನು ಹಿಡಿಯುವ ರಿಸೆಪ್ಟರ್ ಇರಬೇಕು. ಯಾವ ರಿಸೆಪ್ಟರ್ ಹಿಡಿಯಿತು ಅನ್ನುವುದರ ಮೇಲೆ ಕೆಲಸ ಬದಲಾಗುತ್ತದೆ. ಮನೆಯಲ್ಲಿ ಬರುವ ಕರೆಂಟು ಒಂದೇ, ಒಂದು ಸ್ವಿಚ್ಚಿಗೆ ಫ್ಯಾನ್ ತಿರುಗುತ್ತದೆ, ಇನ್ನೊಂದಕ್ಕೆ ನೀರಿನ ಮೋಟಾರು ಓಡುತ್ತದೆ, ಹಾಗೆ. ಸೆರಟೋನಿನ್‌ಗೆ ಕರುಳಿನಲ್ಲಿ ಹಲವು ಬಗೆಯ ರಿಸೆಪ್ಟರ್‌ಗಳಿವೆ. ನಿಮಗೆ ಬೇಕಾದವು ಎರಡು. ಮೂರನೇ ಬಗೆಯದು ನೋವು, ವಾಕರಿಕೆ, ಆತುರದ ಸುದ್ದಿ ಸಾಗಿಸುತ್ತದೆ, ಕರುಳನ್ನು ಚುರುಕು ಮಾಡುತ್ತದೆ. ಅದನ್ನು ಮುಚ್ಚಿದರೆ ವಾಂತಿ ನಿಲ್ಲುತ್ತದೆ, ಮಲ ಕಟ್ಟುತ್ತದೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಮಾಡುವುದು ಇದನ್ನೇ. ನಾಲ್ಕನೇ ಬಗೆಯದನ್ನು ಚಾಲೂ ಮಾಡಿದರೆ ನರದಿಂದ ಅಸಿಟೈಲ್‌ಕೋಲೀನ್ ಜಾಸ್ತಿ ಬರುತ್ತದೆ, ದೊಡ್ಡ ಕರುಳು ಮುಂದೆ ತಳ್ಳುತ್ತದೆ. ನಿಮ್ಮ ಪ್ರುಕಲೋಪ್ರೈಡ್ ಕೆಲಸ ಇದು. ಒಂದು ಮಾತ್ರೆ ಸೆರಟೋನಿನ್ ಬಾಗಿಲು ಮುಚ್ಚಿ ಮಲ ಕಟ್ಟಿಸುತ್ತದೆ, ಇನ್ನೊಂದು ಸೆರಟೋನಿನ್ ಬಾಗಿಲು ತೆಗೆದು ಮಲ ಸಡಿಲಿಸುತ್ತದೆ. ಡಿಪ್ರೆಶನ್ ಮಾತ್ರೆಗಳು ಈ ಎರಡರ ಹಾಗೂ ಅಲ್ಲ. ಅವು ಸೆರಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ.

ಸ್ನಾಯುವಿನ ಕಥೆ ಆಯಿತು, ನೀರಿನದು ಇನ್ನೂ ಸ್ವಾರಸ್ಯ. ನೀವು ದಿನಕ್ಕೆ ಕುಡಿಯುವುದು ಸುಮಾರು 2 ಲೀಟರ್. ಆದರೆ ಸಣ್ಣ ಕರುಳಿಗೆ ದಿನಕ್ಕೆ ಬೀಳುವುದು 8ರಿಂದ 9 ಲೀಟರ್. ಮಿಕ್ಕಿದ್ದೆಲ್ಲ ನಿಮ್ಮದೇ ಮೈಯಿಂದ: ಎಂಜಲು, ಜಠರದ ರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ರಸ. ಹೆಚ್ಚಿನದನ್ನು ಸಣ್ಣ ಕರುಳು ವಾಪಸ್ ಹೀರುತ್ತದೆ. ದೊಡ್ಡ ಕರುಳಿಗೆ ಬರುವುದು ಒಂದೂವರೆ ಲೀಟರ್ ಆಸುಪಾಸು. ಮಲದಲ್ಲಿ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್. ಇಷ್ಟು ದೊಡ್ಡ ವಹಿವಾಟಿನಲ್ಲಿ ಸ್ವಲ್ಪ ಏರುಪೇರಾದರೂ ಸಾಕು, ಬೇಧಿ. ಬಾತ್‌ರೂಮಿಗೆ ಓಡುವವರು 'ಇಷ್ಟೊಂದು ನೀರು ಎಲ್ಲಿಂದ ಬಂತು, ನಾನು ಏನೂ ಕುಡಿದಿಲ್ಲವಲ್ಲ' ಎಂದು ಕೇಳುತ್ತಾರೆ. ಇದೇ ಉತ್ತರ.

ಕರುಳು ನೀರು ಬಿಡುವ ಉಪಾಯ ಸರಳ. ಒಳಪದರದ ಗುಳಿಗಳಲ್ಲಿರುವ ಕೋಶಗಳು ಕ್ಲೋರೈಡ್ ಹೊರಗೆ ಬಿಡುತ್ತವೆ. ಅದರ ಹಿಂದೆ ಸೋಡಿಯಂ ಹೋಗುತ್ತದೆ, ಎರಡೂ ಸೇರಿದರೆ ಉಪ್ಪು, ಉಪ್ಪಿನ ಹಿಂದೆ ನೀರು. ಕ್ಲೋರೈಡ್ ಬಾಗಿಲು ತೆಗೆಯುವ ಅಧಿಕಾರ ಹಾರ್ಮೋನ್ ರಿಸೆಪ್ಟರ್‌ಗಳ ಕೈಯಲ್ಲಿದೆ. ವಿಐಪಿ ಬಂದು ಕೂತರೂ ತೆರೆಯುತ್ತದೆ, ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನಿನಂಥ ವಸ್ತು ಬಂದು ಕೂತರೂ ತೆರೆಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಕಾಲರಾದಲ್ಲಿ ಆಗುವ ಅನಾಹುತ ಏನೆಂದರೆ, ರೋಗಾಣುವಿನ ವಿಷ ರಿಸೆಪ್ಟರಿನ ಹಿಂದಿನ ಸಂಪರ್ಕವನ್ನೇ ಆನ್ ಮಾಡಿ ಹಾಗೇ ಬಿಟ್ಟುಬಿಡುತ್ತದೆ. ಯಾವ ಹಾರ್ಮೋನೂ ಇಲ್ಲದೆ ನೀರು ಸುರಿಯುತ್ತಲೇ ಇರುತ್ತದೆ. ಆ ವಿಷವನ್ನು 1959ರಲ್ಲಿ ಕಲ್ಕತ್ತೆಯಲ್ಲಿ ಮೊಲದ ಕರುಳಿನ ತುಂಡುಗಳನ್ನು ಕಟ್ಟಿ ತೋರಿಸಿಕೊಟ್ಟವರು ಶಂಭುನಾಥ್ ಡೇ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಇನ್ನೂ ದೊಡ್ಡದಾಗಿ ಬರಬೇಕಿತ್ತು ಎಂದು ನನ್ನ ಅಭಿಪ್ರಾಯ. ಅದು ಬೇರೆ ಮಾತು.

ಇಷ್ಟು ಗೊತ್ತಿದ್ದರೆ ನಿಮ್ಮ ತಿಂಗಳು ತಾನಾಗಿ ಅರ್ಥವಾಗುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರುತ್ತದೆ. ಗರ್ಭಕೋಶ ಬಿಗಿಯದೆ ಶಾಂತವಾಗಿರಲಿ ಎಂದು ಅದು ಇರುವುದು. ಆದರೆ ಅದರ ರಿಸೆಪ್ಟರ್ ಕರುಳಿನ ಸ್ನಾಯುವಿನಲ್ಲೂ ಇದೆ. ಅಲ್ಲೂ ಸಡಿಲಿಕೆ. ಮಲ ನಿಧಾನವಾಗಿ ಸಾಗಿದಷ್ಟೂ ದೊಡ್ಡ ಕರುಳು ನೀರು ಹೀರುತ್ತಲೇ ಇರುತ್ತದೆ, ಗಟ್ಟಿಯಾಗುತ್ತದೆ. ಬಸುರಿಯರಿಗೆ ಮಲ ಕಟ್ಟುವುದರ ಹಿಂದೆಯೂ ಇದೇ ಹಾರ್ಮೋನಿನ ಪಾಲಿದೆ. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮುಟ್ಟಿನ ಚಕ್ರದಲ್ಲಿ ಕರುಳಿನ ವೇಗವನ್ನು ಅಳೆದು ನೋಡಿದ ಅಧ್ಯಯನಗಳು ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ಕೆಲವರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಕೆಲವರಲ್ಲಿ ಇಲ್ಲ. ಕರುಳು ಮೊದಲೇ ಸೂಕ್ಷ್ಮವಾಗಿರುವವರಿಗೆ, ಅಂದರೆ ಐಬಿಎಸ್ ಇರುವವರಿಗೆ, ಜಾಸ್ತಿ ಗೊತ್ತಾಗುತ್ತದೆ.

ಮುಟ್ಟು ಹತ್ತಿರ ಬಂದಾಗ ಪ್ರೊಜೆಸ್ಟರಾನ್ ಸರ್ರನೆ ಇಳಿಯುತ್ತದೆ. ಇಳಿದ ಕೂಡಲೇ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ತಯಾರಿಸಲು ಶುರು ಮಾಡುತ್ತದೆ. ಗರ್ಭಕೋಶ ಹಿಂಡಿ ರಕ್ತ ಹೊರಹಾಕಲು ಅದು ಬೇಕು. ಪ್ರೊಸ್ಟಗ್ಲಾಂಡಿನ್ ಅಲ್ಲೇ ನಿಲ್ಲುವುದಿಲ್ಲ. ಪಕ್ಕದ ಕರುಳಿಗೂ ತಾಗುತ್ತದೆ. ಅಲ್ಲಿ ಒಂದು ಬಗೆಯ ರಿಸೆಪ್ಟರ್ ಸ್ನಾಯುವನ್ನು ಬಿಗಿಸುತ್ತದೆ, ಇನ್ನೊಂದು ಬಗೆಯದು ಕ್ಲೋರೈಡ್ ಬಾಗಿಲು ತೆರೆಯುತ್ತದೆ. ಹಿಂಡುವುದೂ ನೀರಾಗುವುದೂ ಒಟ್ಟಿಗೆ ಬರುವುದು ಅದಕ್ಕೇ. ವಾರದಿಂದ ಕೂಡಿಟ್ಟ ಮಲ ಬೇರೆ ಮುಂದೆ ಕಾದಿರುತ್ತದೆ. ಎರಡು ದಿನಕ್ಕೆ ಪ್ರೊಸ್ಟಗ್ಲಾಂಡಿನ್ ತಗ್ಗುತ್ತದೆ, ಕರುಳು ತನ್ನ ಪಾಡಿಗೆ ತಾನಿರುತ್ತದೆ.

ಈಗ ಅತ್ತೆಯವರ ಹರಳೆಣ್ಣೆಗೆ ಬರುತ್ತೇನೆ. ಇದು ಓದಿದವರಿಗೂ ಅಚ್ಚರಿಯ ವಿಷಯ. ಹರಳೆಣ್ಣೆ ಕರುಳನ್ನು ಜಾರಿಸಿ ಬೇಧಿ ಮಾಡಿಸುತ್ತದೆ ಎಂದೇ ನಮ್ಮಲ್ಲಿ ಬಹಳ ಜನ ನಂಬಿದ್ದೆವು. 2012ರಲ್ಲಿ ಜರ್ಮನಿಯ ಸಂಶೋಧಕರು ನಿಜ ಕಂಡುಹಿಡಿದರು. ಎಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಯಿಕ್ ಆಮ್ಲ ಬರುತ್ತದೆ. ಅದು ಹೋಗಿ ಕೂರುವುದು ಪ್ರೊಸ್ಟಗ್ಲಾಂಡಿನ್‌ನ ಇಪಿ3 ಎಂಬ ರಿಸೆಪ್ಟರಿನ ಮೇಲೆ. ಸ್ನಾಯುವಿನಲ್ಲಿ ಆ ರಿಸೆಪ್ಟರ್ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಹರಳೆಣ್ಣೆ ಕುಡಿಸಿದರೂ ಬೇಧಿ ಆಗಲಿಲ್ಲ. ಅದೇ ರಿಸೆಪ್ಟರ್ ಗರ್ಭಕೋಶದಲ್ಲೂ ಇದೆ. ಹಿಂದಿನವರು ಹೆರಿಗೆ ಎಬ್ಬಿಸಲು ಹರಳೆಣ್ಣೆ ಕುಡಿಸುತ್ತಿದ್ದುದಕ್ಕೂ, ಬಸುರಿಗೆ ಬೇಡ ಎನ್ನುತ್ತಿದ್ದುದಕ್ಕೂ ಕಾರಣ ಇಲ್ಲಿದೆ. ಅಂದರೆ ನೋಡಿ, ಮುಟ್ಟಿನ ಮೊದಲ ದಿನ ನಿಮ್ಮನ್ನು ಕಾಡುವುದು ಪ್ರೊಸ್ಟಗ್ಲಾಂಡಿನ್, ಬಿಡುವಿನ ದಿನ ಹರಳೆಣ್ಣೆ ಕುಡಿದು ನೀವೇ ಕೆಣಕುವುದೂ ಅದರದೇ ಒಂದು ರಿಸೆಪ್ಟರನ್ನು.

ಹಾಗಂತ ಅತ್ತೆಯವರ ಜೊತೆ ಜಗಳ ಬೇಡ. ಅಪರೂಪಕ್ಕೊಮ್ಮೆ ಕುಡಿದರೆ ಆರೋಗ್ಯವಂತರಿಗೆ ದೊಡ್ಡ ಅಪಾಯವಿಲ್ಲ. ಆದರೆ ತಿಂಗಳಿಗೊಮ್ಮೆ 'ತೊಳೆಯುವ' ಅಗತ್ಯ ಕರುಳಿಗಿಲ್ಲ. ಒಳಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ತಾವೇ ಬದಲಾಗುತ್ತಿರುತ್ತವೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಮುಟ್ಟು ಯಾವಾಗ ಬರುತ್ತದೆ ಎಂಬುದೇ ಏರುಪೇರಾಗಿರುವಾಗ, ಬಸುರು ಅಲ್ಲ ಎಂದು ಖಚಿತವಾಗುವ ತನಕ ಹರಳೆಣ್ಣೆ ಮುಟ್ಟಲೇಬೇಡಿ. 'ಉಷ್ಣ' ಎನ್ನುವ ಮಾತೂ ನಿಮ್ಮ ಮನೆಯಲ್ಲಿ ಬಂದಿರುತ್ತದೆ, ಅಲ್ವಾ? ಎಳನೀರು, ಮಜ್ಜಿಗೆ ಕುಡಿಯಿರಿ, ಬೇಧಿಯ ದಿನ ಒಳ್ಳೆಯದೇ. ಅದರಿಂದ ಪ್ರೊಸ್ಟಗ್ಲಾಂಡಿನ್ ತಗ್ಗುತ್ತದೆ ಎಂದು ಮಾತ್ರ ಕಾಯಬೇಡಿ.

ಇನ್ನು ಆ ಗ್ಯಾಸ್ ಕ್ಯಾಪ್ಸೂಲ್. ನನಗೆ ಸಿಟ್ಟು ಬರುವ ವಿಷಯ ಇದು, ಮೊದಲೇ ಹೇಳಿಬಿಡುತ್ತೇನೆ. 'ಗ್ಯಾಸ್ ಮಾತ್ರೆ' ಎಂಬ ಹೆಸರಿನಲ್ಲಿ ಲೆವೊಸಲ್ಪಿರೈಡ್ ನಮ್ಮಲ್ಲಿ ತಿಂಗಳುಗಟ್ಟಲೆ ಸುಮ್ನೆ ನಡೆಯುತ್ತದೆ. ರೋಗಿಗಳು ಟೇಬಲ್ ಮೇಲೆ ಹಳೇ ಸ್ಟ್ರಿಪ್‌ಗಳನ್ನು ಸುರಿದಾಗ ಅದರಲ್ಲಿ ಇದು ಇಲ್ಲದೇ ಇರುವುದು ಅಪರೂಪ. ಇದು ಡೋಪಮಿನ್ ಎಂಬ ಇನ್ನೊಂದು ಸಂದೇಶವಸ್ತುವಿನ ರಿಸೆಪ್ಟರನ್ನು ಮುಚ್ಚುವ ಔಷಧಿ. ಜಠರದಲ್ಲಿ ಮುಚ್ಚಿದರೆ ಜಠರ ಬೇಗ ಖಾಲಿಯಾಗುತ್ತದೆ, ಅದು ಒಳ್ಳೆಯ ಕೆಲಸ. ಆದರೆ ಅದೇ ರಿಸೆಪ್ಟರ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲೂ ಇದೆ. ಅಲ್ಲಿ ಡೋಪಮಿನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ತಡೆದು ಹಿಡಿದಿರುತ್ತದೆ. ತಡೆ ಹೋದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಎದೆ ಭಾರವಾಗುತ್ತದೆ, ಕೆಲವರಿಗೆ ಹಾಲಿನಂತೆ ಒಸರುತ್ತದೆ, ಮುಟ್ಟು ಹಿಂದೆ ಬೀಳುತ್ತದೆ ಇಲ್ಲವೇ ನಿಂತೇಹೋಗುತ್ತದೆ. ನಿಮ್ಮ ಎಂಟು ತಿಂಗಳ ಕ್ಯಾಪ್ಸೂಲು, ನಾಲ್ಕು ತಿಂಗಳ ಮುಟ್ಟಿನ ಏರುಪೇರು ಲೆಕ್ಕಕ್ಕೆ ಕೂಡುತ್ತದೆ. ವಯಸ್ಸಾದವರಲ್ಲಿ ಇದೇ ಔಷಧಿ ಕೈ ನಡುಕ, ಮೈ ಬಿಗಿತ ತರುತ್ತದೆ, ಪಾರ್ಕಿನ್ಸನ್ ಎಂದು ಹೆದರಿ ಬರುತ್ತಾರೆ. ಇಂಥದ್ದಕ್ಕೇ ಕೊಡುವ ಡೊಂಪೆರಿಡೋನ್ ಎಂಬ ಔಷಧಿ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ಆದ್ದರಿಂದ ಒಂದರ ಬದಲು ಇನ್ನೊಂದು ಎಂದು ಬದಲಾಯಿಸಿದರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಲೆವೊಸಲ್ಪಿರೈಡ್ ಸೆರಟೋನಿನ್‌ನ ನಾಲ್ಕನೇ ಬಗೆಯ ರಿಸೆಪ್ಟರನ್ನೂ ಸ್ವಲ್ಪ ಕೆಣಕುತ್ತದೆ. ಪ್ರುಕಲೋಪ್ರೈಡ್ ಕೆಲಸವೂ ಅಲ್ಲೇ. ಇಬ್ಬರು ಡಾಕ್ಟರು, ಎರಡು ಚೀಟಿ, ಒಂದೇ ರಿಸೆಪ್ಟರಿಗೆ ಎರಡು ಕಡೆಯಿಂದ ಒತ್ತು. ಮುಟ್ಟಿನ ದಿನ ಅದರ ಮೇಲೆ ಪ್ರೊಸ್ಟಗ್ಲಾಂಡಿನ್. ಆಮೇಲೆ ಅದನ್ನು ನಿಲ್ಲಿಸಲು ಲೋಪೆರಮೈಡ್. ಅದು ಕೆಲಸ ಮಾಡುವುದು ಕರುಳಿನ ಓಪಿಯಾಯ್ಡ್ ರಿಸೆಪ್ಟರ್ ಮೇಲೆ, ಅಂದರೆ ಅಫೀಮಿನಂಥ ವಸ್ತುಗಳನ್ನು ಹಿಡಿಯುವ ರಿಸೆಪ್ಟರ್ ಮೇಲೆ. ಅಲ್ಲಿ ಅಸಿಟೈಲ್‌ಕೋಲೀನ್ ತಡೆದು ಕರುಳನ್ನು ನಿಧಾನ ಮಾಡುತ್ತದೆ. ಪ್ರುಕಲೋಪ್ರೈಡ್ ಹೆಚ್ಚಿಸಿದ್ದು ಇದೇ ಅಸಿಟೈಲ್‌ಕೋಲೀನನ್ನು! ಬೆಳಿಗ್ಗೆ ಏರಿಸಿ ಸಂಜೆ ಇಳಿಸಿದ ಹಾಗಾಯಿತು.

ಹಾಗಾಗಿ ಕ್ಯಾಪ್ಸೂಲ್ ಬರೆದ ಡಾಕ್ಟರಿಗೆ ಮುಟ್ಟಿನ ವಿಷಯ ತಿಳಿಸಿ, ನಿಲ್ಲಿಸುವ ಬಗ್ಗೆ ಈ ವಾರವೇ ಮಾತಾಡಿ. ಔಷಧಿಯೇ ಕಾರಣವಾಗಿದ್ದರೆ ಪ್ರೊಲ್ಯಾಕ್ಟಿನ್ ಬೇಗ ಇಳಿಯುತ್ತದೆ, ಮುಟ್ಟು ಹಳೇ ಲಯಕ್ಕೆ ಮರಳುತ್ತದೆ. ನಿಲ್ಲಿಸಿದ ಮೇಲೂ ಮುಟ್ಟು ಸರಿಹೋಗದಿದ್ದರೆ, ಅಥವಾ ತಲೆನೋವು, ಪಕ್ಕದ ನೋಟ ಮಸುಕಾಗುವುದು ಇದ್ದರೆ ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಲೇಬೇಕು. ಒಂದು ಎಚ್ಚರಿಕೆ: ಅದರಲ್ಲಿದ್ದ ಪ್ಯಾಂಟಪ್ರಜೋಲ್ ತಿಂಗಳುಗಟ್ಟಲೆ ಆಮ್ಲ ತಗ್ಗಿಸಿಟ್ಟಿತ್ತು. ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಎದೆ ಉರಿ ಜಾಸ್ತಿಯಾಗಬಹುದು. 'ನೋಡಿ, ಮಾತ್ರೆ ಬಿಟ್ಟಿದ್ದಕ್ಕೆ ಕಾಯಿಲೆ ವಾಪಸ್ ಬಂತು' ಎಂದು ಮತ್ತೆ ಶುರು ಮಾಡುವವರೇ ಜಾಸ್ತಿ. ಅದು ತಾತ್ಕಾಲಿಕ. ಉರಿ ತಡೆಯಲಾಗದಿದ್ದರೆ ಬರೀ ಪ್ಯಾಂಟಪ್ರಜೋಲ್ ಇಟ್ಟುಕೊಂಡು ನಿಧಾನವಾಗಿ ಇಳಿಸಬಹುದು.

ಲ್ಯಾಬಿನ ಹಾರ್ಮೋನ್ ಪ್ಯಾಕೇಜಿಗೆ ದುಡ್ಡು ಹಾಕಬೇಡಿ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ದಿನದಿಂದ ದಿನಕ್ಕೆ ಬದಲಾಗುತ್ತವೆ. ಒಂದು ದಿನದ ಸಂಖ್ಯೆ ನೋಡಿ ನಿಮ್ಮ ಕರುಳಿನ ಬಗ್ಗೆ ಯಾರೂ ಏನೂ ಹೇಳಲಾರರು. ಸೆರಟೋನಿನ್ ರಕ್ತಪರೀಕ್ಷೆಯೂ ಹಾಗೆಯೇ. ರಕ್ತದಲ್ಲಿರುವುದು ಹೆಚ್ಚಾಗಿ ಪ್ಲೇಟ್‌ಲೆಟ್‌ಗಳ ಒಳಗೆ ಕೂತಿರುವ ಸೆರಟೋನಿನ್. ಕಾರ್ಸಿನಾಯ್ಡ್ ಎಂಬ ಅಪರೂಪದ ಗಡ್ಡೆಯ ಅನುಮಾನ ಬಂದಾಗ ಇಡೀ ದಿನದ ಮೂತ್ರ ಕೂಡಿಸಿ ಬೇರೆ ಒಂದು ಪರೀಕ್ಷೆ ಮಾಡುತ್ತೇವೆ. ಅದರಲ್ಲಿ ಮುಖ ಕೆಂಪೇರುವುದು, ದಿನಾ ಬೇಧಿ ಇರುತ್ತದೆ. ನಿಮ್ಮದು ಆ ಚಿತ್ರವಲ್ಲ. ನಿಮ್ಮ ಹಾರ್ಮೋನ್ ಮಟ್ಟ ನಾರ್ಮಲ್ ಆಗಿಯೇ ಇರಬಹುದು. ಅದಕ್ಕೆ ನಿಮ್ಮ ಕರುಳು ಎಷ್ಟು ಜೋರಾಗಿ ಓಗೊಡುತ್ತದೆ ಎಂಬುದೇ ಪ್ರಶ್ನೆ. ಅದನ್ನು ಅಳೆಯುವ ಪರೀಕ್ಷೆ ಯಾವ ಪ್ಯಾಕೇಜಿನಲ್ಲೂ ಇಲ್ಲ.

ನಾನು ಬರೆಯುವ ಪರೀಕ್ಷೆಗಳು ಕಡಿಮೆ: ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಗೋಧಿ ಒಗ್ಗದ ಸಿಲಿಯಾಕ್ ಕಾಯಿಲೆಗೆ ಒಂದು ರಕ್ತಪರೀಕ್ಷೆ, ಬೇಕಿದ್ದರೆ ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್. ಥೈರಾಯ್ಡ್ ಯಾಕೆಂದರೆ ಅದು ಕಡಿಮೆಯಾದರೆ ಮಲ ಕಟ್ಟುತ್ತದೆ, ಜಾಸ್ತಿಯಾದರೆ ಪದೇಪದೇ ಹೋಗುತ್ತದೆ, ಎರಡರಲ್ಲೂ ಮುಟ್ಟು ಕೆಡುತ್ತದೆ. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು, ಈಗ ಬೇಡ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಬೇಧಿ, ಜ್ವರ, ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತು ಅನ್ನುವುದು, ಇವುಗಳಲ್ಲಿ ಒಂದಿದ್ದರೂ ನನ್ನ ಮಾತು ಬದಲಾಗುತ್ತದೆ.

ನೀವು ಬರೆಯದ ಒಂದನ್ನು ನಾನೇ ಕೇಳುತ್ತೇನೆ. ಮುಟ್ಟಿನ ದಿನ ಮಲ ಹೋಗುವಾಗ ಒಳಗೆ ಆಳದಲ್ಲಿ ಚುಚ್ಚಿದಂತೆ ನೋವಾಗುತ್ತದೆಯೇ? ಗಂಡನ ಜೊತೆ ಸೇರುವಾಗ ನೋವಿದೆಯೇ? ವರ್ಷ ಕಳೆದಂತೆ ಮುಟ್ಟಿನ ನೋವು ಏರುತ್ತಿದೆಯೇ? ಹೌದಾದರೆ ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದು ಕರುಳಿನ ಹತ್ತಿರ ಬೆಳೆದಿರುವುದು. ಐಬಿಎಸ್ ಎಂಬ ಹೆಸರಿನಡಿ ವರ್ಷಗಟ್ಟಲೆ ಮುಚ್ಚಿಹೋಗುವ ಕಾಯಿಲೆ ಇದು. ಆಗ ಸ್ತ್ರೀರೋಗ ತಜ್ಞರನ್ನೇ ಮೊದಲು ನೋಡಬೇಕು.

ಇದೆಲ್ಲ ಇಲ್ಲ ಎಂದಾದರೆ, ಚಿಕಿತ್ಸೆಯನ್ನು ತಿಂಗಳ ದಿನಕ್ಕೆ ತಕ್ಕಂತೆ ಹೊಂದಿಸುವುದೇ ಜಾಣತನ. ಕಟ್ಟುವ ವಾರಕ್ಕೆ ರಿಸೆಪ್ಟರ್ ಕೆಣಕುವ ಮಾತ್ರೆಗಿಂತ ನೀರು ಹಿಡಿದಿಡುವ ಔಷಧಿ ಸಾಕು ಎಂಬುದು ನನ್ನ ಅನುಭವ. ಇಸಬ್‌ಗೋಲ್ ರಾತ್ರಿ ಒಂದು ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಇನ್ನಷ್ಟು ಕಟ್ಟುತ್ತದೆ. ಹೊಟ್ಟೆ ಉಬ್ಬರ ಜಾಸ್ತಿಯಾದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಒಳ್ಳೆಯದು. ಅದು ಹೀರಿಹೋಗದೆ ಕರುಳಿನಲ್ಲೇ ನೀರು ಇಟ್ಟುಕೊಳ್ಳುತ್ತದೆ. ಲ್ಯಾಕ್ಟುಲೋಸ್ ಸಿರಪ್ ಉಬ್ಬರ ಏರಿಸುತ್ತದೆ, ನಿಮಗೆ ಬೇಡ. ಇಸಬ್‌ಗೋಲ್ ಆಗಲಿ ಆ ಪುಡಿಯಾಗಲಿ, ಮುಟ್ಟಿಗೆ ಒಂದು ವಾರ ಮೊದಲು ಶುರು ಮಾಡಿ, ರಕ್ತ ಕಂಡ ದಿನ ನಿಲ್ಲಿಸಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ತೆಗೆದುಕೊಳ್ಳುತ್ತಿದ್ದರೆ ಅವೂ ಕಟ್ಟುತ್ತವೆ, ಡಾಕ್ಟರಿಗೆ ಹೇಳಿ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಕೂತುಕೊಳ್ಳಿ. ಕಾಫಿ ಜಠರ ಮುಟ್ಟಿದ ಕೆಲವೇ ನಿಮಿಷದಲ್ಲಿ ದೊಡ್ಡ ಕರುಳು ಚುರುಕಾಗುವುದು ಕೆಲವರಲ್ಲಿ ಅಳತೆಗೇ ಸಿಕ್ಕಿದೆ, ಕೆಫೀನ್ ತೆಗೆದ ಕಾಫಿಗೂ. ಮೊದಲ ಪೀರಿಯಡ್ ಬೆಲ್ ಎಂದು ಒತ್ತಡ ಬಂದರೂ ತಡೆದುಕೊಂಡು ಓಡುವುದು ಟೀಚರ್‌ಗಳ ಹಳೇ ಚಾಳಿ. ಅದೇ ಅರ್ಧ ಮಲಬದ್ಧತೆಗೆ ಮೂಲ. ದಿನಾ ಹೋಗಲೇಬೇಕು ಎಂಬ ಲೆಕ್ಕವೂ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದ ತನಕ ಎಲ್ಲ ಸರಿಯೇ.

ಪ್ರುಕಲೋಪ್ರೈಡ್ ಕೆಟ್ಟ ಔಷಧಿಯಲ್ಲ. ಇದಕ್ಕೆ ಮೊದಲು ಬಂದ ಸಿಸಾಪ್ರೈಡ್ ಹೃದಯದ ಲಯ ಕೆಡಿಸಿತು, ಟೆಗಾಸೆರಾಡ್ ಬಗ್ಗೆಯೂ ಹೃದಯದ ಅನುಮಾನ ಬಂತು. ಭಾರತದಲ್ಲಿ ಎರಡನ್ನೂ 2011ರಲ್ಲಿ ನಿಷೇಧಿಸಿದರು. ಅವುಗಳಿಗೆ ಹೋಲಿಸಿದರೆ ಪ್ರುಕಲೋಪ್ರೈಡ್ ತನ್ನ ರಿಸೆಪ್ಟರ್ ಬಿಟ್ಟು ಬೇರೆ ಕಡೆ ಕೈ ಹಾಕುವುದು ತೀರಾ ಕಡಿಮೆ. ಆದರೆ ಅದು ತಿಂಗಳು ಪೂರ್ತಿ ಮಲ ಕಟ್ಟುವವರಿಗೆ, ಬೇರೆ ಔಷಧಿ ಸೋತಾಗ. ನಿಮಗೆ ತಿಂಗಳಲ್ಲಿ ಒಂದು ವಾರ ಮಾತ್ರ. ಮೊದಲ ದಿನಗಳಲ್ಲಿ ತಲೆನೋವು, ವಾಕರಿಕೆ ಸಾಮಾನ್ಯ. ಬಸುರಿಗೆ ಬೇಡ, ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು. ಜೋರು ಬೇಧಿಯಾದರೆ ಗರ್ಭನಿರೋಧಕ ಮಾತ್ರೆ ಮೈಗೆ ಹಿಡಿಯದೇ ಹೋಗಬಹುದು, ಇದನ್ನು ನೆನಪಿಡಿ. ತೆಗೆದುಕೊಂಡಾಗ ಮನಸ್ಸು ಕುಗ್ಗಿದಂತೆ ಅನಿಸಿದರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು ಎಂಬ ಎಚ್ಚರಿಕೆಯೂ ಅದರ ಮಾಹಿತಿ ಪತ್ರದಲ್ಲಿದೆ. ಲುಬಿಪ್ರೋಸ್ಟೋನ್, ಲಿನಾಕ್ಲೋಟೈಡ್ ಎಂದು ಯಾರಾದರೂ ಹೇಳಿದರೆ, ಅವು ಕರುಳಿಗೆ ನೀರು ಬಿಡಿಸುವ ಔಷಧಿಗಳು. ನಿಮ್ಮ ಬೇಧಿಯ ದಿನ ಹತ್ತಿರದಲ್ಲೇ ಇರುವಾಗ ಅವು ನನಗೆ ಸರಿ ಕಾಣುವುದಿಲ್ಲ.

ಮುಟ್ಟಿನ ಎರಡು ದಿನಕ್ಕೆ ಬೇಕಾದ್ದು ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುವುದು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಮಿಕ್ ಆಮ್ಲ ಅದನ್ನೇ ಮಾಡುತ್ತವೆ. ನೋವು ತಾರಕಕ್ಕೇರಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಯಾಕೆಂದರೆ ಆಗಲೇ ತಯಾರಾದದ್ದನ್ನು ಇವು ಅಳಿಸುವುದಿಲ್ಲ. ಸೂಚನೆ ಕಂಡ ಕೂಡಲೇ ಶುರು ಮಾಡಿ, ಊಟದ ಮೇಲೆ, ಎರಡು ಮೂರು ದಿನ, ಅಷ್ಟೇ. ಇದರಿಂದ ನೋವಿನ ಜೊತೆ ಬೇಧಿಯೂ ತಗ್ಗುವುದನ್ನು ನೋಡಿದ್ದೇನೆ. ಮೆಫೆನಮಿಕ್ ಆಮ್ಲ ಕೆಲವರಿಗೆ ತಾನೇ ಬೇಧಿ ತರುತ್ತದೆ. ಹಾಗಾಗಿ ನಿಮಗೆ ನಾನಾದರೆ ಐಬುಪ್ರೊಫೆನ್ ಅಥವಾ ನ್ಯಾಪ್ರೊಕ್ಸೆನ್ ಬರೆಯುತ್ತೇನೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು, ಈ ಮಾತ್ರೆಗಳಿಂದ ಉಬ್ಬಸ ಬರುವವರು, ಗರ್ಭ ನಿಲ್ಲುವ ಸಾಧ್ಯತೆ ಇರುವವರು ಕೇಳದೆ ತೆಗೆದುಕೊಳ್ಳಬಾರದು.

ಲೋಪೆರಮೈಡ್ ಕೈಚೀಲದಲ್ಲಿರಲಿ. ಶಾಲೆಯಲ್ಲಿ ಸ್ಪೋರ್ಟ್ಸ್ ಡೇ, ಬಸ್ ಪ್ರಯಾಣ ಎಂಬ ದಿನ 2 ಮಿಲಿಗ್ರಾಂನ ಒಂದು ಮಾತ್ರೆ ತಪ್ಪಲ್ಲ. ಜ್ವರ ಇದ್ದರೆ, ರಕ್ತ ಹೋದರೆ ಮುಟ್ಟಬೇಡಿ. ಡಾಕ್ಟರು ಹೇಳದೆ ದಿನಕ್ಕೆ 8 ಮಿಲಿಗ್ರಾಂ ದಾಟಬೇಡಿ. ಮಿತಿ ಮೀರಿದರೆ ಹೃದಯದ ಲಯ ಕೆಡುತ್ತದೆ. ಬೇಧಿ ಜೋರಾದ ದಿನ ಒಆರ್‌ಎಸ್ (ಉಪ್ಪು, ಸಕ್ಕರೆಯ ಪುಡಿ) ಕುಡಿಯಿರಿ, ಪ್ಯಾಕೆಟ್ಟಿನ ಪುಡಿ ಪೂರ್ತಿ ಅದರ ಮೇಲೆ ಬರೆದಷ್ಟು ನೀರಿಗೇ ಹಾಕಿ. ಅದರಲ್ಲಿನ ಗ್ಲೂಕೋಸ್ ಉಪ್ಪನ್ನು ಎಳೆದುಕೊಂಡು ಒಳಗೆ ಹೋಗುವ ದಾರಿ ಬೇರೆ, ನೀರು ಬಿಡುವ ಬಾಗಿಲು ತೆರೆದಿದ್ದರೂ ಅದು ಕೆಲಸ ಮಾಡುತ್ತದೆ.

ಇಷ್ಟು ಮಾಡಿದರೂ ಪ್ರತಿ ತಿಂಗಳು ಕೆಲಸಕ್ಕೆ ಹೋಗಲಾಗದಷ್ಟು ತೊಂದರೆ ಉಳಿದರೆ, ಚಕ್ರದ ಏರಿಳಿತವನ್ನೇ ತಗ್ಗಿಸುವ ಹಾರ್ಮೋನ್ ಮಾತ್ರೆಗಳ ಬಗ್ಗೆ ಸ್ತ್ರೀರೋಗ ತಜ್ಞರ ಜೊತೆ ಮಾತಾಡಬಹುದು. ನಿಮ್ಮ ವಯಸ್ಸಿಗೆ ಬಿಪಿ, ಮೈಗ್ರೇನ್, ಕಾಲಿನ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಎಲ್ಲ ನೋಡಿಯೇ ಕೊಡಬೇಕು. ನಾನು ಅದನ್ನು ಮೊದಲ ಮೆಟ್ಟಿಲು ಎನ್ನುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಮೊದಲು ಕ್ಯಾಪ್ಸೂಲ್ ಮತ್ತು ಹರಳೆಣ್ಣೆ. ಅದಾದ ಮೇಲೆ ಬರುವ ಎರಡು ಮುಟ್ಟಿನ ತನಕ ಕ್ಯಾಲೆಂಡರಿನಲ್ಲಿ ಮೂರೇ ವಿಷಯ ಬರೆದಿಡಿ: ರಕ್ತ ಕಂಡ ದಿನ, ಮಲ ಗಟ್ಟಿಯೋ ನೀರೋ, ಆ ದಿನ ನುಂಗಿದ ಮಾತ್ರೆ. ಮುಂದೆ ಯಾವ ಡಾಕ್ಟರ ಬಳಿ ಹೋದರೂ ಆ ಹಾಳೆಯನ್ನೂ, ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್‌ಗಳನ್ನೂ ತೆಗೆದುಕೊಂಡು ಹೋಗಿ, ಅಂಗಡಿಯಿಂದ ನೀವೇ ತಂದದ್ದನ್ನೂ ಸೇರಿಸಿ.